ಸ್ಲಿಕ್ಕೆಪೊಟ್: ಬೆರಳಿನ ಹೆಸರು ಹೊತ್ತ ಅಡುಗೆ ಸಾಮಾನು

ಸ್ವೀಡನ್‌ಗೆ ಬಂದು ಎರಡೇ ತಿಂಗಳಾಯಿತು ಅಂದಿರಿ. ಪಕ್ಕದ ಮನೆಯವರು ಬಂದು "ಸ್ಲಿಕ್ಕೆಪೊಟ್ ಇದೆಯಾ" ಅಂತ ಕೇಳಿದರು. ಮಾರನೇ ದಿನ ಮಗಳು ಶಿಶುವಿಹಾರದಿಂದ ಬಂದು, ತೋರುಬೆರಳು ಎತ್ತಿ "ಇದು ಸ್ಲಿಕ್ಕೆಪೊಟ್" ಅಂದಳು. ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ: ಅದು ತೋರುಬೆರಳಿನ ಮುದ್ದಿನ ಹೆಸರೂ ಹೌದು, ಬಟ್ಟಲು ಬಳಿಯುವ ಅಡುಗೆ ಸಾಮಾನಿನ ಹೆಸರೂ ಹೌದು.

ಇಲ್ಲಿ ಮಕ್ಕಳಿಗೆ ಐದು ಬೆರಳಿಗೂ ಮುದ್ದಿನ ಹೆಸರು ಹೇಳಿಕೊಡುತ್ತಾರೆ. ಹೆಬ್ಬೆರಳು ತುಮ್ಮೆತೊಟ್, ತೋರುಬೆರಳು ಸ್ಲಿಕ್ಕೆಪೊಟ್, ನಡುಬೆರಳು ಲೋಂಗೆಮನ್, ಉಂಗುರಬೆರಳು ಗುಲ್ಲೆಬ್ರಾಂಡ್, ಕಿರುಬೆರಳು ಲಿಲ್ಲ ವಿಕ್ಕೆವೀರೆ. ಲೋಂಗೆಮನ್ ಅಂದರೆ ಉದ್ದನೆಯವನು. ಗುಲ್ಲೆಬ್ರಾಂಡ್ ಅನ್ನುವ ಹೆಸರಿನಲ್ಲಿ ಚಿನ್ನ ಇದೆ, ನಮ್ಮ ಬೆರಳಿನ ಹೆಸರಿನಲ್ಲಿ ಉಂಗುರ ಇರುವ ಹಾಗೆ. ದೊಡ್ಡವರು ತೋರುಬೆರಳಿಗೆ ಪೇಕ್‌ಫಿಂಗರ್ ಅನ್ನುತ್ತಾರೆ. ತೋರಿಸುವ ಬೆರಳು, ಥೇಟ್ ಕನ್ನಡದ್ದೇ! ಮಕ್ಕಳ ಮಾತಿನಲ್ಲಿ ಮಾತ್ರ ಅದು ನೆಕ್ಕುವ ಬೆರಳು. ಸ್ಲಿಕ್ಕ ಅಂದರೆ ನೆಕ್ಕು. ಪಾತ್ರೆಯ ತಳ ಬಳಿದು ಬಾಯಿಗೆ ಹೋಗುವುದು ಅದೇ ಬೆರಳು ಅಲ್ವಾ?

ಆ ಬೆರಳಿನ ಕೆಲಸ ಮಾಡುವ ಸಾಮಾನಿಗೂ ಅದೇ ಹೆಸರು ಬಂತು. ಉದ್ದ ಹಿಡಿ, ತುದಿಯಲ್ಲಿ ಬಾಗುವ ರಬ್ಬರ್ ಅಥವಾ ಸಿಲಿಕೋನ್ ಅಲಗು. ಸಾಮಾನ್ಯವಾಗಿ ಅಲಗಿನ ಒಂದು ಮೂಲೆ ದುಂಡಗಿರುತ್ತದೆ, ಬಟ್ಟಲಿನ ಒಳಮೈಗೆ ಸರಿಯಾಗಿ ಕೂರಲಿ ಅಂತ. ಮುದ್ದಿನ ಹೆಸರು ಅಂತ ಹೇಳಲು ಹಿಂಜರಿಯಬೇಡಿ. ಅಂಗಡಿಯಲ್ಲೂ ಅಡುಗೆ ಪುಸ್ತಕದಲ್ಲೂ ಅದಕ್ಕೆ ಅದೇ ಹೆಸರು.

ಒಂದು ಕಡೆ ಎಡವುವುದು ಸುಲಭ. ನಾವು ಇಂಗ್ಲಿಷ್ ರೂಢಿಯಲ್ಲಿ ದೋಸೆ ಮಗುಚುವುದನ್ನೂ ಹಿಟ್ಟು ಬಳಿಯುವುದನ್ನೂ ಸ್ಪಾಟುಲಾ ಅಂತಲೇ ಕರೆದುಬಿಡುತ್ತೇವೆ. ಇಲ್ಲಿ ಮಗುಚುವ ಕೈ ಸ್ಟೇಕ್‌ಸ್ಪಾಡೆ, ಬಳಿಯುವುದು ಸ್ಲಿಕ್ಕೆಪೊಟ್. ಮೊದಲನೆಯದು ಕಾವಲಿಗೆ, ಎರಡನೆಯದು ಬಟ್ಟಲಿಗೆ. ಬಿಸಿ ಬಾಣಲೆಗೂ ಬೇಕು ಅಂದರೆ ಸಿಲಿಕೋನ್‌ನದ್ದು ತಗೊಳ್ಳಿ, ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಚೀಟಿಯಲ್ಲಿ ನೋಡಿ. ರಬ್ಬರ್‌ನದ್ದು ಬಿಸಿಗೆ ಹಾಳಾಗುತ್ತದೆ.

ಇಲ್ಲಿನವರು ಇದನ್ನು ಜಾಸ್ತಿ ಬಳಸುವುದು ಕೇಕ್ ಹಿಟ್ಟಿಗೆ. ಹಿಟ್ಟಿಗೆ ಸ್ಮೇತ್ ಅನ್ನುತ್ತಾರೆ. ಕ್ಲಡ್‌ಕಾಕಾ ಅಂತ ಅಂಟಂಟು ಚಾಕೊಲೇಟ್ ಕೇಕ್ ಇದೆ, ಅದರ ಸ್ಮೇತ್ ಬಟ್ಟಲಿಗೆ ಗಟ್ಟಿಯಾಗಿ ಹಿಡಿದಿರುತ್ತದೆ. ನಾನು ದೋಸೆ ಹಿಟ್ಟಿಗೆ ಬಳಸುತ್ತೇನೆ. ಗ್ರೈಂಡರ್ ಕಲ್ಲಿನಲ್ಲಿ ಉಳಿದದ್ದನ್ನು ಬಳಿದರೆ ಇನ್ನೊಂದು ದೋಸೆ ಆಗುತ್ತದೆ. ಊರಿನಲ್ಲಿ ಅಮ್ಮ ಇದನ್ನು ಕೈಯಲ್ಲೇ ಮಾಡುತ್ತಿದ್ದರು. ಅದಕ್ಕೇ ಈ ಹೆಸರು ನನಗೆ ಇಷ್ಟ. ಅಮ್ಮನ ಬೆರಳು ಮಾಡುತ್ತಿದ್ದ ಕೆಲಸ ಹೆಸರಿನಲ್ಲೇ ಉಳಿದಿದೆ.

ಹೆಸರಿನಲ್ಲಿ ನೆಕ್ಕುವುದು ಇದೆ ಅಂತ ಎಂಜಲಿನ ಯೋಚನೆ ಬೇಡ. ಹಿಟ್ಟೆಲ್ಲ ಅಚ್ಚಿಗೆ ಸುರಿದಾದ ಮೇಲೆ, ಕೊನೆಗೆ ಅಲಗಿಗೆ ಅಂಟಿದ್ದನ್ನು ಮಕ್ಕಳಿಗೆ ನೆಕ್ಕಲು ಕೊಡುತ್ತಾರೆ. ಆಮೇಲೆ ಅದು ಸೀದಾ ತೊಳೆಯಲು ಹೋಗುತ್ತದೆ. ಪಕ್ಕದ ಮನೆಯ ಕೇಕ್ ಬಂದರೆ ಸುಮ್ನೆ ಸಂತೋಷದಿಂದ ತಿನ್ನಿ.

ಕೊಳ್ಳುವಾಗ ಎರಡು ಕೊಳ್ಳಿ. ಸಿಲಿಕೋನ್‌ಗೆ ಬೆಳ್ಳುಳ್ಳಿ ಮಸಾಲೆಯ ವಾಸನೆ ಹಿಡಿದರೆ ಬೇಗ ಹೋಗುವುದಿಲ್ಲ. ಮಸಾಲೆಗೆ ಒಂದು ಇರಲಿ, ಇನ್ನೊಂದನ್ನು ಕೇಕಿಗೆ ಮತ್ತು ಪಕ್ಕದ ಮನೆಯವರಿಗೆ ಕೊಡಲು ಇಡಿ.