ಮಡಿಕೇರಿ ವೀಕೆಂಡ್‌ಗೆ ಸಂಗಾತಿ: ಅಡ್ವಾನ್ಸ್ ಕಳಿಸಬಹುದಾ?

ಟೆಲಿಗ್ರಾಂನಲ್ಲಿ ಸಿಕ್ಕ ಏಜೆಂಟ್ ಮಡಿಕೇರಿಯಲ್ಲಿ ಎರಡು ರಾತ್ರಿ, ಐಷಾರಾಮಿ ರೂಮು, ಜೊತೆಗೊಬ್ಬ ಸಂಗಾತಿ ಅಂತ ಹೇಳಿ ಅರ್ಧ ದುಡ್ಡು ಮೊದಲೇ ಕೇಳುತ್ತಿದ್ದಾನೆ, ಕಳಿಸಬಹುದಾ ಅಂತ ಕೇಳಿದ್ದೀರಿ. ಕಳಿಸಬೇಡಿ. ಇದು ಹಳೆಯ ಮೋಸ. ಮೊದಲು ಬುಕಿಂಗ್, ಆಮೇಲೆ ಡೆಪಾಸಿಟ್, ಆಮೇಲೆ ಕಾರಿನ ಬಾಡಿಗೆ ಅಂತ ಕೀಳುತ್ತಾ ಹೋಗುತ್ತಾರೆ. ಕೊನೆಗೆ ನಿಮ್ಮ ಚಾಟ್, ಫೋಟೋ ಮನೆಯವರಿಗೆ ಕಳಿಸುತ್ತೇವೆ ಅಂತ ಹೆದರಿಸುತ್ತಾರೆ. ಈಗಾಗಲೇ ಕೊಟ್ಟಿದ್ದರೆ ನಾಚಿಕೆ ಬಿಟ್ಟು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಇಬ್ಬರು ವಯಸ್ಕರು ಒಪ್ಪಿ ಖಾಸಗಿಯಾಗಿ ಸೇರುವುದೇ ಅಪರಾಧವಲ್ಲ. ಆದರೆ ಒಬ್ಬರನ್ನು ವೇಶ್ಯಾವಾಟಿಕೆಗೆ ಒದಗಿಸುವುದು, ಆ ಸಂಪಾದನೆಯಲ್ಲಿ ಬದುಕುವುದು 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯಲ್ಲಿ ಅಪರಾಧ. ನಿಮ್ಮ ಏಜೆಂಟ್ ಮಾಡುತ್ತಿರುವುದು ಅದನ್ನೇ ಅಲ್ವಾ? ಆ ಹುಡುಗಿ ಸ್ವಂತ ಇಷ್ಟದಿಂದ ಬರುತ್ತಾಳೋ ಇಲ್ಲವೋ ಅನ್ನುವುದೂ ನಿಮಗೆ ಗೊತ್ತಾಗುವುದಿಲ್ಲ. ನನಗೆ ದುಡ್ಡಿಗಿಂತ ದೊಡ್ಡ ಪ್ರಶ್ನೆ ಅದು.

ಇನ್ನು ನಮ್ಮ ಕೊಡಗಿನ ಹೋಂಸ್ಟೇ. ಎಷ್ಟೋ ಕಡೆ ಅದು ಕಾಫಿ ತೋಟದ ನಡುವೆ ಮನೆಯವರೇ ವಾಸ ಇರುವ ಜಾಗ. ಊಟಕ್ಕೆ ಕೂತರೆ ಆಂಟಿ ಇನ್ನೊಂದು ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬಡಿಸುತ್ತಾ ಯಾವ ಊರು, ಮದುವೆ ಯಾವಾಗ ಆಯ್ತು ಅಂತ ವಿಚಾರಿಸುತ್ತಾರೆ. ಇಬ್ಬರ ಗುರುತಿನ ಚೀಟಿಯನ್ನೂ ಕೇಳುತ್ತಾರೆ. ನೀವು ಅಂದುಕೊಂಡ ಏಕಾಂತ ಅಲ್ಲಿಲ್ಲ. ಅದೇ ಬೇಕಿದ್ದರೆ ಪ್ರತ್ಯೇಕ ಕಾಟೇಜ್ ಇರುವ ರೆಸಾರ್ಟ್ ನೋಡಿ, ಅವರಿಗೇ ನೇರವಾಗಿ ಫೋನ್ ಮಾಡಿ. ಒಬ್ಬರೇ ಬಂದರೂ ಬೇಜಾರಾಗುವುದಿಲ್ಲ. ಬೆಳಗ್ಗೆ ಬೇಗ ಮಾಂದಲಪಟ್ಟಿ ಬೆಟ್ಟಕ್ಕೆ ಜೀಪ್ ಹಿಡಿಯಿರಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ಬೇಡ, ಆಗ ಬರೀ ಮಳೆ.