ಅಣ್ಣ ಹೇಳಿಕೊಟ್ಟ ಎರಡು ಉತ್ತರ

ಪ್ರಶ್ನೆ: ಟೀಚರ್, ನಾವು ನಾಪೋಕ್ಲು ಕಡೆಯವರು. ಸ್ವಲ್ಪ ಕಾಫಿ ತೋಟ ಇದೆ. ಮಗಳು ಒಂಬತ್ತನೇ ಕ್ಲಾಸ್. ಲೆಕ್ಕ ಅಂದ್ರೆ ಅವಳಿಗೆ ತುಂಬಾ ಇಷ್ಟ. ಹೋದ ಜುಲೈಯಲ್ಲಿ ದುಡ್ಡು ಕಟ್ಟಿ ಒಂದು ಆನ್‌ಲೈನ್ ಗಣಿತ ಸ್ಪರ್ಧೆಗೆ ಸೇರಿಸಿದೆವು. ಅರ್ಧದಲ್ಲಿ ಕರೆಂಟ್ ಹೋಯಿತು. ಮೊಬೈಲಿನಲ್ಲಿ ಹೇಗೋ ಮುಗಿಸಿದಳು. ಆ ಗಡಿಬಿಡಿಯಲ್ಲಿ ಅವಳ ಅಣ್ಣ ಎರಡು ಪ್ರಶ್ನೆಗೆ ಉತ್ತರ ಹೇಳಿಬಿಟ್ಟ. ಅವನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಈಗ 'ಚಿನ್ನ' ಅಂತ ಸರ್ಟಿಫಿಕೇಟ್ ಬಂದಿದೆ. ನಮ್ಮ ಯಜಮಾನರು ಖುಷಿಯಿಂದ ಫ್ರೇಮ್ ಹಾಕಿಸಿ ತಂದರು. ಮಗಳು ಅದನ್ನು ಬೀರುವಿನ ಹಿಂದೆ ಇಟ್ಟಿದ್ದಾಳೆ. ಇನ್ನು ಯಾವ ಸ್ಪರ್ಧೆಯೂ ಬೇಡ ಅನ್ನುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಕೊಡಗು

ಉತ್ತರ: ಆ ಫ್ರೇಮ್ ಬೀರುವಿನ ಹಿಂದೆಯೇ ಇರಲಿ ಬಿಡಿ. ನಿಮ್ಮ ಯಜಮಾನರಿಗೆ ಬೇಜಾರಾದರೆ ಸರ್ಟಿಫಿಕೇಟ್ ತೆಗೆದು ಅಜ್ಜ ಅಜ್ಜಿಯ ಫೋಟೋ ಹಾಕಿ. ಫ್ರೇಮಿನ ದುಡ್ಡು ದಂಡ ಆಗುವುದಿಲ್ಲ.

ನಿಮ್ಮ ಮಗನಿಗೆ ಬೈಯುವ ಹಕ್ಕು ನನಗಿಲ್ಲ. ಅವನು ಮಾಡಿದ್ದನ್ನೇ ನಾನೂ ಮಾಡಿದ್ದೇನೆ. ಸುಮಾರು 30 ವರ್ಷದ ಹಿಂದಿನ ಮಾತು. ತಾಲ್ಲೂಕು ಮಟ್ಟದ ಗಣಿತ ರಸಪ್ರಶ್ನೆ. ನನ್ನ ಶಾಲೆಯ ಹುಡುಗ ಒಬ್ಬ ಕೊನೇ ಸುತ್ತಿಗೆ ಬಂದಿದ್ದ. ಪ್ರಶ್ನೆ: 1ರಿಂದ 100ರವರೆಗೆ ಎಲ್ಲಾ ಸಂಖ್ಯೆ ಕೂಡಿದರೆ ಎಷ್ಟು? ಹುಡುಗ ಕಣ್ಣು ಕಣ್ಣು ಬಿಟ್ಟ. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಸೆರಗು ಸರಿಮಾಡುವ ಹಾಗೆ ಮಾಡಿ ಐದು ಬೆರಳು ತೋರಿಸಿದೆ. ಆಮೇಲೆ ಮುಷ್ಟಿ. ಮತ್ತೆ ಐದು ಬೆರಳು, ಮತ್ತೆ ಮುಷ್ಟಿ. '5050' ಅಂದ. ಚಪ್ಪಾಳೆಯೋ ಚಪ್ಪಾಳೆ. ಬಹುಮಾನ ಒಂದು ಸ್ಟೀಲ್ ಟಿಫಿನ್ ಡಬ್ಬಿ.

ನಾಲ್ಕೈದು ವರ್ಷದ ಹಿಂದೆ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಸಿಕ್ಕಿದ. ಈಗ ತರಕಾರಿ ವ್ಯಾಪಾರ. ಹಸಿಮೆಣಸು ತೂಗುತ್ತಾ ಹೇಳಿದ: "ಟೀಚರ್, ಆ ಡಬ್ಬಿಯಲ್ಲಿ ಒಂದು ದಿನವೂ ನಾನು ಊಟ ಮಾಡಲಿಲ್ಲ. ತಂಗಿಗೆ ಕೊಟ್ಟುಬಿಟ್ಟೆ. 5050 ಹೇಗೆ ಬಂತು ಅಂತ ಮಾತ್ರ ಈಗಲೂ ಗೊತ್ತಿಲ್ಲ." ನನಗೆ ನಾಚಿಕೆಯಾಯಿತು. ಮೆಣಸು ಕಟ್ಟುವ ಪೇಪರಿನ ಮೇಲೆ ಅಲ್ಲೇ ಬರೆದು ತೋರಿಸಿದೆ. 1 ಮತ್ತು 100 ಸೇರಿದರೆ 101. 2 ಮತ್ತು 99 ಸೇರಿದರೂ 101. ಹೀಗೆ 50 ಜೋಡಿ. 50 ಸಲ 101 ಅಂದ್ರೆ 5050. "ಅಷ್ಟೇನಾ!" ಅಂತ ನಕ್ಕ. ಮೆಣಸಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹಾಗಾಗಿ ನಿಮ್ಮ ಮಗ ಊರಿಗೆ ಬಂದಾಗ ಒಂದು ಕೆಲಸ ಹೇಳಿ. ಆ ಎರಡು ಲೆಕ್ಕ ಹೇಗೆ ಬಿಡಿಸಿದೆ ಅಂತ ತಂಗಿಗೆ ತೋರಿಸಲಿ. ಆಮೇಲೆ ಅವಳು ಕಾಗದ ಮುಚ್ಚಿಟ್ಟು ತಾನೇ ಒಮ್ಮೆ ಮಾಡಲಿ. ಎರಡು ಲೆಕ್ಕವೂ ಅವಳವೇ ಆಗುತ್ತವೆ. ಚಿನ್ನದ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೆಲವು ಖಾಸಗಿ ಸ್ಪರ್ಧೆಗಳಲ್ಲಿ ಶಾಲೆಗೆ ಮೊದಲು ಬಂದವರಿಗೇ ಚಿನ್ನ ಕೊಡುತ್ತಾರೆ. ಶಾಲೆಯಿಂದ ಬರೆದವಳು ಒಬ್ಬಳೇ ಆದರೆ ಮೊದಲನೆಯವಳೂ ಅವಳೇ ಅಲ್ವಾ!

ಮನೆಯಲ್ಲಿ ಕೂತು ಬರೆಯುವ ಸ್ಪರ್ಧೆಯ ಕಷ್ಟವೇ ಇದು. 2020ರಲ್ಲಿ ಕೊರೊನಾ ಬಂದು ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ಕೂಡ ಆನ್‌ಲೈನ್ ಆಯಿತು. ಆದರೆ ಮಕ್ಕಳನ್ನು ಅವರವರ ಮನೆಯಲ್ಲಿ ಕೂರಿಸಲಿಲ್ಲ. ಆಯಾ ದೇಶದಲ್ಲೇ ಪರೀಕ್ಷಾ ಕೇಂದ್ರ ಮಾಡಿ, ನೋಡಿಕೊಳ್ಳಲು ಜನ ಇಟ್ಟು ಬರೆಸಿದರು. ನಿಮ್ಮ ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇರಲಿಲ್ಲ. ಆದರೂ ಹುಡುಗಿಗೆ ಕಸಿವಿಸಿ ಆಗಿದೆ. ನನಗಂತೂ ಅವಳ ಮೇಲೆ ಪ್ರೀತಿ ಬಂತು.

ಇನ್ನು ಕರೆಂಟ್. ಜುಲೈಯಲ್ಲಿ ನಾಪೋಕ್ಲಿನಲ್ಲಿ ಕೂತು ಆನ್‌ಲೈನ್ ಪರೀಕ್ಷೆ ಬರೆಯುವುದು ಅಂದ್ರೆ ಮಳೆಯಲ್ಲಿ ಕಾಫಿ ಒಣಗಿಸಿದ ಹಾಗೆ. ಯಾವ ಮರ ಯಾವ ಲೈನಿನ ಮೇಲೆ ಬೀಳುತ್ತೋ ಹೇಳೋಕಾಗುತ್ತಾ? ಮಳೆಗಾಲದಲ್ಲೇ ಬರೆಯಬೇಕಾದರೆ ಹಿಂದಿನ ದಿನ ಕುಶಾಲನಗರದ ನೆಂಟರ ಮನೆಗೆ ಹೋಗಿ. ಅಲ್ಲಿ ಮಳೆ ಕಡಿಮೆ.

ಆದರೆ ಅವಳಿಗೆ ನಾನು ಹೇಳುವುದು ಬೇರೆ ಥರದ ಸ್ಪರ್ಧೆ. 'ಪರ್ಪಲ್ ಕಾಮೆಟ್' ಅಂತ ಒಂದಿದೆ. ಅಮೆರಿಕದವರು 2003ರಿಂದ ನಡೆಸುತ್ತಿದ್ದಾರೆ. ಫೀಸ್ ಇಲ್ಲ. ಇದನ್ನು ತಂಡವಾಗಿ ಬರೆಯಬೇಕು. ಒಂದು ತಂಡದಲ್ಲಿ 6 ಮಕ್ಕಳವರೆಗೆ ಇರಬಹುದು. ಜೊತೆಗೆ ಮೇಲ್ವಿಚಾರಣೆಗೆ ಒಬ್ಬರು ದೊಡ್ಡವರು ಬೇಕು. ಶಾಲೆಯ ಲೆಕ್ಕದ ಮೇಷ್ಟ್ರನ್ನೇ ಕೇಳಿ. ಮಕ್ಕಳು ತಮ್ಮತಮ್ಮಲ್ಲಿ ಎಷ್ಟು ಬೇಕಾದರೂ ಮಾತಾಡಬಹುದು, ಜಗಳವನ್ನೂ ಆಡಬಹುದು. ಅಲ್ಲಿ ಒಬ್ಬರಿಗೊಬ್ಬರು ಹೇಳಿಕೊಡುವುದೇ ಆಟ! ತಂಡದ ಹೊರಗಿನ ಅಣ್ಣ ಮಾತ್ರ ತೋಟದ ಕಡೆ ಹೋಗಿರಲಿ. ನನಗೆ ಇನ್ನೂ ಹಿಡಿಸಿದ್ದು ಸಮಯದ ವಿಷಯ. ಸ್ಪರ್ಧೆ ಏಪ್ರಿಲ್ ಹೊತ್ತಿಗೆ ಕೆಲವು ದಿನ ತೆರೆದಿರುತ್ತದೆ. ಅದರಲ್ಲಿ ಯಾವಾಗ ಶುರು ಮಾಡಬೇಕು ಅನ್ನುವುದು ನಿಮ್ಮ ಇಷ್ಟ. ಕಾಫಿ ಹೂ ಅರಳಿಸುವ ಹೂಮಳೆ ಬಂದರೂ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಕರೆಂಟ್ ಇದ್ದ ಬೆಳಿಗ್ಗೆ ನೋಡಿ ಕೂತರಾಯಿತು.

ಒಬ್ಬಳೇ ಬರೆದು ನೋಡುವ ಧೈರ್ಯ ತಿರುಗಿ ಬಂದ ಮೇಲೆ ಐಒಕ್ಯೂಎಂ (ಇಂಡಿಯನ್ ಒಲಿಂಪಿಯಾಡ್ ಕ್ವಾಲಿಫೈಯರ್ ಇನ್ ಮ್ಯಾಥಮ್ಯಾಟಿಕ್ಸ್) ಅನ್ನುವ ಪರೀಕ್ಷೆ ಇದೆ. ನಮ್ಮ ದೇಶದ ಗಣಿತ ಒಲಿಂಪಿಯಾಡಿಗೆ ಅದೇ ಮೊದಲ ಮೆಟ್ಟಿಲು. 8ರಿಂದ 12ನೇ ಕ್ಲಾಸಿನವರು ಬರೆಯಬಹುದು. ಹೆಸರು ಕೊಡುವುದಷ್ಟೇ ಆನ್‌ಲೈನ್. ಪರೀಕ್ಷೆ ಕೇಂದ್ರಕ್ಕೆ ಹೋಗಿ ಕಾಗದದ ಮೇಲೆ. 3 ಗಂಟೆ, 30 ಪ್ರಶ್ನೆ. ಆಯ್ಕೆಯ ಉತ್ತರಗಳಿಲ್ಲ. ಪ್ರತಿ ಉತ್ತರವೂ 00ರಿಂದ 99ರೊಳಗಿನ ಒಂದು ಸಂಖ್ಯೆ. ಹಾಗಾಗಿ ಸುಮ್ನೆ ಊಹಿಸಿ ಗುರುತು ಹಾಕಿದರೆ ಏನೂ ಗಿಟ್ಟುವುದಿಲ್ಲ. ಒಂದು ತಾಪತ್ರಯ ಹೇಳಿಬಿಡುತ್ತೇನೆ. ಈಚಿನ ವರ್ಷಗಳಲ್ಲಿ ಅದು ಸೆಪ್ಟೆಂಬರ್ ಮೊದಲ ಭಾಗದಲ್ಲಿ ಬರುತ್ತಿದೆ. 2023ರಲ್ಲಂತೂ ಸೆಪ್ಟೆಂಬರ್ 3ಕ್ಕೇ ಬಂತು, ಸರಿಯಾಗಿ ನಮ್ಮ ಕೊಡಗಿನ ಕೈಲ್ ಪೊಳ್ದ್ ಹಬ್ಬದ ದಿನ. ಹಬ್ಬದ ಅಡುಗೆ ಕಡಂಬಿಟ್ಟು ಬಿಟ್ಟು ಪರೀಕ್ಷೆಗೆ ಹೋಗು ಅಂತ ಕೊಡಗಿನ ಮಕ್ಕಳಿಗೆ ಯಾವ ಬಾಯಲ್ಲಿ ಹೇಳುವುದು?

ಮಗಳಿಗೆ ಈ ಲೆಕ್ಕ ಕೊಡಿ. ನಿಮ್ಮ ತೋಟದಲ್ಲಿ ಕಾಳುಮೆಣಸು ಕೊಯ್ಯುವ ಏಣಿ ಇದೆಯಲ್ಲ, ಅದಕ್ಕೆ 10 ಮೆಟ್ಟಿಲು ಅಂತ ಇಟ್ಟುಕೊಳ್ಳಿ. ಒಂದು ಹೆಜ್ಜೆಗೆ ಒಂದು ಮೆಟ್ಟಿಲು ಹತ್ತಬಹುದು, ಇಲ್ಲಾ ಎರಡು. ಹತ್ತನೇ ಮೆಟ್ಟಿಲು ಮುಟ್ಟಲು ಒಟ್ಟು ಎಷ್ಟು ರೀತಿ? ಮೂರೇ ಮೆಟ್ಟಿಲಾದರೆ 3 ರೀತಿ: ಒಂದೊಂದಾಗಿ ಮೂರು, ಒಂದು ಆಮೇಲೆ ಎರಡು, ಎರಡು ಆಮೇಲೆ ಒಂದು. ಅಲ್ಲಿಂದ ಶುರು ಮಾಡಲಿ. ಇದರ ಉತ್ತರವೂ ಎರಡೇ ಅಂಕಿ. ಸಿಕ್ಕಿದ ಮೇಲೆ ಹೇಗೆ ಸಿಕ್ಕಿತು ಅಂತ ಅಣ್ಣನಿಗೆ ಅವಳೇ ಹೇಳಿಕೊಡಲಿ. ನನಗೂ ಒಂದು ಕಾಗದ ಬರೆಯಲಿ.