ಉಜ್ಜಿದ್ರೆ ನೋವು ಯಾಕೆ ಕಮ್ಮಿ ಆಗುತ್ತೆ?

ಪ್ರಶ್ನೆ: ಸಾರ್, ಮಂಚದ ಕಾಲಿಗೆ ಮಂಡಿ ಬಡಿದ ತಕ್ಷಣ ಕೈ ತಾನಾಗೇ ಹೋಗಿ ಉಜ್ಜುತ್ತಲ್ಲ, ಅದ್ರಿಂದ ನಿಜವಾಗ್ಲೂ ನೋವು ಕಮ್ಮಿ ಆಗುತ್ತಾ ಇಲ್ಲ ಬರೀ ಭ್ರಮೇನಾ?
- ಓದುಗರು, ಶಿವಮೊಗ್ಗ

ಉತ್ತರ: ಭ್ರಮೆ ಅಲ್ಲ ಕಣ್ರೀ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಅಂತ ಇಬ್ರು ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿಗೊಂದು ಗೇಟ್ ಇದೆ ಅಂತ ಥಿಯರಿ ಕೊಟ್ರು. ನೋವು ತರೋ ಸಣ್ಣ ನರದ ಎಳೆಗಳು ಭಾರೀ ಸ್ಲೋ, ಸೆಕೆಂಡಿಗೆ 1 ಮೀಟರ್ ಆಸುಪಾಸು, ಸ್ಪರ್ಶದ ದಪ್ಪ ಎಳೆಗಳು ಹತ್ತಾರು ಪಟ್ಟು ಫಾಸ್ಟ್, ಉಜ್ಜಿದಾಗ ಇವು ಬೆನ್ನುಹುರಿಯಲ್ಲಿ ತಡೆಯೋ ಕೆಲಸದ ನರಕೋಶಗಳನ್ನ ಎಬ್ಬಿಸಿ ಮಿದುಳಿಗೆ ಹೊರಟ ನೋವಿನ ಸಿಗ್ನಲ್‌ಗೆ ಬಾಗಿಲು ಅರ್ಧ ಮುಚ್ಚಿಬಿಡ್ತವೆ. ಅವ್ರು ಬರೆದ ನರಗಳ ವೈರಿಂಗ್‌ನಲ್ಲಿ ಕೆಲವು ವಿವರ ಆಮೇಲೆ ತಪ್ಪು ಅಂತಾಯ್ತು, ಐಡಿಯಾ ಮಾತ್ರ ಗಟ್ಟಿಯಾಗಿ ನಿಂತಿದೆ. ಫಿಸಿಯೋಥೆರಪಿಲಿ ಚರ್ಮದ ಮೇಲೆ ಸಣ್ಣ ಕರೆಂಟ್ ಕೊಟ್ಟು ಜುಮ್ ಅನ್ನಿಸೋ ಟೆನ್ಸ್ (TENS) ಮಷಿನ್ ಹಾಕ್ತಾರಲ್ಲ, ಅದೂ ಇದೇ ಲೆಕ್ಕದಲ್ಲಿ ಬಂದಿದ್ದು.